ಮೂರಕ್ಕೂ ಒಂದೇ ಒಗ್ಗರಣೆ

ನಮ್ಮ ಅತ್ತೆಯವರಿಗೆ ಒಂದು ಅಭ್ಯಾಸವಿತ್ತು. ಹುಳಿ, ಪಲ್ಯ, ಮಜ್ಜಿಗೆ ಯಾವುದೇ ಇರಲಿ, ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಒಟ್ಟಿಗೇ ಮಾಡಿ ಮೂರಕ್ಕೂ ಸುರಿದುಬಿಡುತ್ತಿದ್ದರು. “ಹೊಟ್ಟೆಗೆ ಹೋದಮೇಲೆ ಎಲ್ಲಾ ಒಂದೇ ಕಣೇ” ಎನ್ನುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಶಾಲೆಗೆ ಹೋಗಿ ನಾನು ಮಾಡುತ್ತಿದ್ದುದೂ ಅದೇ ಕೆಲಸ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು. ಪಾಠ ಯಾವುದೇ ಇರಲಿ, ನನ್ನದೊಂದು ಕ್ರಮ. ಮೊದಲು ಕವಿಪರಿಚಯ, ಆಮೇಲೆ ಕಠಿಣ ಪದಗಳ ಅರ್ಥ, ಸಾರಾಂಶ, ಒಂದು ವಾಕ್ಯದ ಉತ್ತರ, ಸಂದರ್ಭ, ಸ್ವಾರಸ್ಯ. ಎಲ್ಲವನ್ನೂ ನಾನೇ ಹೇಳಿ ಬರೆಸುತ್ತಿದ್ದೆ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ವಿಷಯಗಳಿಗೆಲ್ಲ ತಲಾ 100 ಅಂಕವಾದರೆ ಪ್ರಥಮ ಭಾಷೆಗೆ 125. ಬರವಣಿಗೆಗೆ 100, ಶಾಲೆಯಲ್ಲಿ ಕೊಡುವ ಆಂತರಿಕ ಅಂಕ 25. ಹಾಗಾಗಿ “ಕನ್ನಡದಲ್ಲಿ ಅಂಕ ಬಿಡಬೇಡಿ” ಎಂದು ಮುಖ್ಯೋಪಾಧ್ಯಾಯರೂ ಹೇಳುತ್ತಿದ್ದರು, ತಂದೆತಾಯಿಯರೂ ಹೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ಕೆಲವು ವರ್ಷ ಹತ್ತನೇ ತರಗತಿಯ ಒಂದೇ ಪುಸ್ತಕದಲ್ಲಿ ಮೂರು ಚೆಂದದ ಪಾಠಗಳಿದ್ದವು. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’, ಪು.ತಿ.ನ. ಅವರ ಗೀತನಾಟಕ ‘ಶಬರಿ’, ಮತ್ತು ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುವ ಕುಮಾರವ್ಯಾಸ ಭಾರತದ ಭಾಗ. ಒಂದು ಗದ್ಯ, ಒಂದು ನಾಟಕ, ಒಂದು ಪದ್ಯ. ನಾಟಕವನ್ನೂ ಗದ್ಯದ ವಿಭಾಗದಲ್ಲೇ ಕೂರಿಸಿದ್ದರು. ನನಗೆ ಇನ್ನೂ ಅನುಕೂಲವಾಯಿತು ಅನ್ನಿ!

‘ವ್ಯಾಘ್ರಗೀತೆ’ಯಲ್ಲಿ ಒಂದು ಹುಲಿ ಶಾನುಭೋಗರ ಬೆನ್ನು ಹತ್ತುತ್ತದೆ. ಆದರೆ ಅದು ಧರ್ಮ ಬಲ್ಲ ಹುಲಿ; ಹಿಂದಿನಿಂದ ಮೇಲೆ ಬೀಳಲು ಅದರ ಮನಸ್ಸು ಒಪ್ಪದು. ಪಾಪ, ಶಾನುಭೋಗರಿಗೆ ಖಿರ್ದಿ ಪುಸ್ತಕವೇ ಆಯುಧ. ಮೊದಲ ಸಲ ಮನೆಯಲ್ಲಿ ಓದಿದಾಗ ನಾನು ಒಬ್ಬಳೇ ನಕ್ಕಿದ್ದೆ. ತರಗತಿಯಲ್ಲಿ ಮಾತ್ರ “ಈ ಪ್ರಬಂಧದಲ್ಲಿ ತಿಳಿಹಾಸ್ಯವು ಹಾಸುಹೊಕ್ಕಾಗಿದೆ” ಎಂದು ಬರೆಸಿದೆ. ನಲವತ್ತು ಮಕ್ಕಳೂ ಅದನ್ನು ಬರೆದುಕೊಂಡರು. ಒಬ್ಬರ ತುಟಿಯೂ ಅಲುಗಲಿಲ್ಲ.

‘ಶಬರಿ’ಯಲ್ಲೂ ಅಷ್ಟೆ. ಯಾರು ಯಾರಿಗೆ ಹೇಳಿದರು ಎಂಬುದು ಎಲ್ಲರಿಗೂ ಬಾಯಿಪಾಠವಾಯಿತು. ಆ ಮುದುಕಿ ರಾಮ ಬರುತ್ತಾನೆಂದು ದಿನವೂ ಹಣ್ಣು, ಹೂವು ಕೂಡಿಸಿಟ್ಟು ಕಾದಳಲ್ಲ, ಆ ಕಾಯುವಿಕೆ ನಮ್ಮ ತರಗತಿಯ ಬಾಗಿಲನ್ನು ದಾಟಿ ಒಳಗೆ ಬರಲಿಲ್ಲ.

ಪದ್ಯದ ವಿಷಯ ಹೇಳುವುದೇ ಬೇಡ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ನಮ್ಮ ಮಕ್ಕಳು ಗಟ್ಟಿಗರು. ಮೂರು-ನಾಲ್ಕು, ಮೂರು-ನಾಲ್ಕು ಎಂದು ಗಣ ಕತ್ತರಿಸಿ, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ತರಕಾರಿ ಹೆಚ್ಚಿದ ಹಾಗೆ ಪದ್ಯವನ್ನು ಹೆಚ್ಚಿಡುತ್ತಿದ್ದೆವು, ಬೇಯಿಸಿ ಬಡಿಸುತ್ತಿರಲಿಲ್ಲ.

ಆ ಹುಡುಗಿ ಬಂದದ್ದು 2018ರ ಜೂನ್‌ನಲ್ಲಿ ಶುರುವಾದ ತರಗತಿಯಲ್ಲಿ. ಹೆಸರು ಬೇಡ. ಎರಡನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು, ಮಾತು ಕಡಿಮೆ. ಟೆಸ್ಟಿನಲ್ಲಿ ನಾಲ್ಕು ಅಂಕಕ್ಕೆ ಒಂದು ಪ್ರಶ್ನೆ ಕೊಟ್ಟಿದ್ದೆ: ಕೃಷ್ಣನ ಮಾತು ಕೇಳಿದ ಕರ್ಣನ ಮನಸ್ಸು ಹೇಗಾಯಿತು? ನಾನು ಬರೆಸಿದ ಉತ್ತರದಲ್ಲಿ ಐದು ಅಂಶಗಳಿದ್ದವು. ಗಂಟಲು ಕಟ್ಟಿದ್ದು, ಕಣ್ಣೀರು ಬಂದದ್ದು, ಕೌರವನ ಋಣ ನೆನೆದದ್ದು, ಹೀಗೆ. ಆಕೆ ಇವು ಯಾವುದನ್ನೂ ಬರೆದಿರಲಿಲ್ಲ. “ಹೆತ್ತವರು ಇಷ್ಟು ವರ್ಷ ಸುಮ್ಮನಿದ್ದು ಈಗ ತಮಗೆ ಬೇಕಾದಾಗ ಕರೆದರೆ ಹೋಗಬೇಕಾ? ಸಾಕಿದವರಿಗೆ ಏನು ಹೇಳಿ ಹೋಗುವುದು? ಕೃಷ್ಣ ಈ ಮಾತನ್ನು ಮೊದಲೇ ಹೇಳಬಹುದಿತ್ತು. ಯುದ್ಧ ಬಂದಾಗ ಹೇಳಿದ್ದರಿಂದ ಕರ್ಣನಿಗೆ ಸಂತೋಷವಾಗಲಿಲ್ಲ, ಅವಮಾನವಾಯಿತು” ಎಂದು ಬರೆದಿದ್ದಳು.

ರಾತ್ರಿ ಒಂಬತ್ತೂವರೆಯಾಗಿತ್ತು. ಇನ್ನೂ ಇಪ್ಪತ್ತು ಪೇಪರು ಬಾಕಿ, ಅಡಿಗೆಮನೆ ಒರೆಸುವುದು ಬೇರೆ. ಕೆಂಪು ಶಾಯಿಯಲ್ಲಿ ಒಂದು ಅಂಕ ಹಾಕಿ, “ಪ್ರಶ್ನೆಗೆ ತಕ್ಕ ಉತ್ತರವಲ್ಲ. ನೋಟ್ಸ್ ಓದು” ಎಂದು ಬರೆದೆ. ಮಾರನೆಯ ದಿನ ಪೇಪರ್ ಕೊಟ್ಟಾಗ ಅವಳು ಅದನ್ನು ನೋಡಿ, ನಾಲ್ಕಾಗಿ ಮಡಿಸಿ, ಜ್ಯಾಮಿಟ್ರಿ ಬಾಕ್ಸಿನೊಳಗೆ ಇಟ್ಟುಕೊಂಡಳು.

ತಿಂಗಳಾದ ಮೇಲೆ ಪೋಷಕರ ಸಭೆ. ಅವಳ ಜೊತೆ ಬಂದವರು ತಾಯಿಯಲ್ಲ, ಸೋದರತ್ತೆ. ಮಕ್ಕಳಿಲ್ಲದ ಅವರು ಮೂರು ತಿಂಗಳ ಕೂಸನ್ನು ತಂದು ಸಾಕಿದ್ದರಂತೆ. “ಹೆತ್ತವರು ಈಗ ಕರೀತಿದಾರೆ ಮೇಡಮ್ಮೋರೆ. ಅತ್ತಿಗೆಗೆ ಮೈ ಸರಿಯಿಲ್ಲ, ಮನೇಲಿ ಕೈಯಾಸರೆಗೆ ಬೇಕು. ನಮ್ಮಣ್ಣ ಬಂದು ಕೂತಿದಾನೆ. ಇವಳು ಹೋಗಲ್ಲ ಅಂತಾಳೆ. ಕಳಿಸು ಅನ್ನೋಕೂ ಬಾಯಿ ಬರಲ್ಲ, ಕಳಿಸಲ್ಲ ಅನ್ನೋಕೆ ನಾನ್ಯಾರು?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ನಾನು ಹಾಕಿದ ಆ ಒಂದು ಅಂಕ ನನ್ನ ಎದೆಗೆ ಚುಚ್ಚಿದಂತಾಯಿತು. ಪದ್ಯ ಅರ್ಥವಾದ ಒಬ್ಬಳೇ ಒಬ್ಬಳಿಗೆ ನಾನು ನೋಟ್ಸ್ ಓದಲು ಹೇಳಿದ್ದೆ.

ಮರುದಿನ ಅವಳನ್ನು ಕರೆದು, “ನೀನು ಬರೆದದ್ದು ಚೆನ್ನಾಗಿತ್ತಮ್ಮ, ನಾನೇ ಸರಿಯಾಗಿ ಓದಲಿಲ್ಲ. ಮುಂದೆಯೂ ಹಾಗೇ ಬರಿ” ಎಂದೆ. ಅವಳು ಮೆಲ್ಲಗೆ, “ಬೇಡ ಮಿಸ್, ನೀವು ಬರೆಸಿದ್ದನ್ನೇ ಬರೀತೀನಿ. ಅದರಲ್ಲಿ ತಪ್ಪಾಗಲ್ಲ” ಎಂದಳು. ಹಾಗೆಯೇ ಬರೆದಳು, ಒಂದು ಅಲ್ಪವಿರಾಮವೂ ಆಚೀಚೆಯಾಗದಂತೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 123 ಬಂತು. ಪೇಡ ತಂದು ಕೊಟ್ಟಳು. ಎಲ್ಲರೂ ನನ್ನನ್ನು ಹೊಗಳಿದರು. ಅವಳು ಯಾರ ಮನೆಗೆ ಹೋದಳೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಬೇಸಿಗೆಯ ರಜೆಯಲ್ಲಿ ನನ್ನ ಬಾಲ್ಯ ಬಹಳ ನೆನಪಾಯಿತು. ನಮ್ಮೂರ ದೇವಸ್ಥಾನದ ಜಗುಲಿಯಲ್ಲಿ ಗಮಕ ನಡೆಯುತ್ತಿತ್ತು. ಒಬ್ಬರು ಭಾರತವನ್ನು ರಾಗವಾಗಿ ವಾಚಿಸಿದರೆ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಓದುಬರಹ ತಿಳಿಯದ ನನ್ನಜ್ಜಿ ಕರ್ಣನಿಗಾಗಿ ಅತ್ತು, ಮನೆಗೆ ಬಂದು ಕುಂತಿಯನ್ನು ಬೈಯುತ್ತಿದ್ದಳು. ನೀನಾಸಂ ತಿರುಗಾಟ 1985ರಲ್ಲಿ ಶುರುವಾದ ಮೇಲೆ, ಅವರ ನಾಟಕ ಪಕ್ಕದ ಊರಿಗೆ ಬಂದರೆ ನಾವು ಗೆಳತಿಯರು ಬಸ್ಸು ಹಿಡಿದು ಹೋಗುತ್ತಿದ್ದೆವು. ಗದ್ಯವನ್ನು ಕಣ್ಣು ಓದುತ್ತದೆ, ಪದ್ಯವನ್ನು ಕಿವಿ ಕೇಳಬೇಕು, ನಾಟಕಕ್ಕೆ ಮೈ ಎದ್ದು ನಿಲ್ಲಬೇಕು. ಇದನ್ನೆಲ್ಲ ಸವಿದು ಬೆಳೆದವಳು ನಾನು. ಮೇಷ್ಟ್ರಾದ ಮೇಲೆ ಮಾತ್ರ ಮೂರಕ್ಕೂ ಒಂದೇ ಒಗ್ಗರಣೆ ಹಾಕಿದೆ.

ಈಗ ಪದ್ಯವಾದರೆ ಮೊದಲ ದಿನ ಅರ್ಥ ಹೇಳುವುದಿಲ್ಲ. ಬರೀ ಓದುತ್ತೇನೆ, ಮಕ್ಕಳಿಂದ ಓದಿಸುತ್ತೇನೆ. ಮೂರು-ನಾಲ್ಕರ ಲೆಕ್ಕ ಆಮೇಲೆ ಅವರ ಚಪ್ಪಾಳೆಯಲ್ಲೇ ಸಿಗುತ್ತದೆ. ಒಮ್ಮೆ ‘ಶಬರಿ’ ಮಾಡುವಾಗ ಒಬ್ಬ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಮಾತಿಲ್ಲದೆ ದಾರಿ ನೋಡು ಎಂದೆ. ಮೂರು ನಿಮಿಷಕ್ಕೆ ಇಡೀ ತರಗತಿ ಗಪ್‌ಚಿಪ್. “ಮಿಸ್, ಕಾಯೋದು ಇಷ್ಟು ಕಷ್ಟಾನಾ?” ಎಂದಳು. ಅವತ್ತು ನಾನು ಸ್ವಾರಸ್ಯ ಬರೆಸಲಿಲ್ಲ.

ನೋಟ್ಸ್ ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ. ಪರೀಕ್ಷೆ ಇದ್ದೇ ಇದೆ, ಜನವರಿ ಬಂದರೆ ನನಗೂ ಕೈ ನಡುಗುತ್ತದೆ. ಆದರೆ ಪ್ರತಿ ಟೆಸ್ಟಿನಲ್ಲೂ ನಾನು ಉತ್ತರ ಬರೆಸದ ಒಂದು ಪ್ರಶ್ನೆ ಇರುತ್ತದೆ, ಎರಡೇ ಅಂಕಕ್ಕೆ. ಆ ಎರಡು ಅಂಕದ ಉತ್ತರ ಓದುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಅದನ್ನು ರಾತ್ರಿ ಒಂಬತ್ತೂವರೆಗೆ ಓದುವುದಿಲ್ಲ. ಬೆಳಿಗ್ಗೆ ಎದ್ದು, ಮನೆಯವರೆಲ್ಲ ಏಳುವ ಮೊದಲು, ಕೆಂಪು ಪೆನ್ನನ್ನು ಮುಚ್ಚಿಟ್ಟು ಓದುತ್ತೇನೆ.