ಧಾರವಾಡದಿಂದ ಜರ್ಮನ್ ನಾಡಿಗೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಅಂತರ ಸುಮಾರು ೨೦ ಕಿಲೋಮೀಟರು. ವಿದ್ಯಾನಗರವನ್ನು ದಾಟಿ, ಉಣಕಲ್ಲ ಕೆರೆಯ ದಂಡೆಯ ಮೇಲೆ ಹಾಯ್ದು, ನವನಗರವನ್ನೂ ಪೇರಲ ಹಣ್ಣಿಗೆ ಹೆಸರಾದ ನವಲೂರನ್ನೂ ಬಲಕ್ಕೆಡಕ್ಕೆ ಬಿಟ್ಟು ಮುಂದೆ ಸಾಗಿದರೆ ಧಾರವಾಡದ ಏರು ದಿಣ್ಣೆಗಳು ಎದುರಾಗುತ್ತವೆ. ೧೯೬೨ರಲ್ಲಿ ಒಂದೇ ಪೌರಾಡಳಿತಕ್ಕೆ ಒಳಪಟ್ಟ ಈ ಅವಳಿ ನಗರಗಳಲ್ಲಿ ಒಂದಕ್ಕೆ ವ್ಯಾಪಾರವೂ ಇನ್ನೊಂದಕ್ಕೆ ವಿದ್ಯೆಯೂ ಒಲಿದಿವೆ ಎಂಬುದು ಹಳೆಯ ಮಾತು. ಇತ್ತೀಚಿನ ವರುಷಗಳಲ್ಲಿ ಈ ಹಾದಿಯ ಚಿಗರಿ ಬಸ್ಸಿನಲ್ಲಿ ಕುಳಿತವರ ಸಂಭಾಷಣೆಗೆ ಒಂದು ಹೊಸ ವಿಷಯ ಸೇರಿಕೊಂಡಿದೆ. ಹತ್ತಿ, ಮೆಣಸಿನಕಾಯಿಗಳ ಧಾರಣೆಯ ಮಾತು ಮುಗಿಯುತ್ತಲೇ, ಮಗನನ್ನೋ ಮಗಳನ್ನೋ ಜರ್ಮನಿಗೆ ಕಳುಹಿಸುವ ಮಾತು ಆರಂಭವಾಗುತ್ತದೆ.

ವಿದ್ಯೆಗಾಗಿ ಊರು ಬಿಡುವುದು ನಮ್ಮ ಮನೆತನಗಳಿಗೆ ಹೊಸದೇನೂ ಅಲ್ಲ. ಗದಗು, ವಿಜಾಪುರ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಬಗಲಲ್ಲಿ ಒಂದು ಗಂಟು ಹಿಡಿದು ಬಂದ ಎಷ್ಟೋ ಹುಡುಗರು ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಮುಂದೆ ಬಂದರು. ಅವರ ಪಾಲಿಗೆ ಧಾರವಾಡವೇ ಪರದೇಶವಾಗಿತ್ತು. ಅವರ ಮೊಮ್ಮಕ್ಕಳು ಇಂದು ಸ್ಟುಟ್‌ಗಾರ್ಟಿಗೂ ಮ್ಯೂನಿಕ್ಕಿಗೂ ಹೊರಟಿದ್ದಾರೆ. ೨೦೨೩-೨೪ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ಉನ್ನತ ವಿದ್ಯಾಸಂಸ್ಥೆಗಳಲ್ಲಿ ೪೯ ಸಾವಿರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿಯ ಪರದೇಶದ ವಿದ್ಯಾರ್ಥಿಗಳಲ್ಲಿ ಅವರದೇ ಅತಿ ದೊಡ್ಡ ಸಮೂಹ.

ಆದರೆ ಈ ದಾರಿಯಲ್ಲಿ ಮೊದಲು ನಡೆದವರು ನಮ್ಮವರಲ್ಲ, ಜರ್ಮನ್ ನುಡಿಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ೧೮೩೪ರಲ್ಲಿ ಮಂಗಳೂರಿಗೆ ಬಂದಿತು. ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ, ೧೮೪೧ರಲ್ಲಿ ಗದಗಿನ ಬೆಟಗೇರಿಯಲ್ಲಿ ಅದರ ಕೇಂದ್ರಗಳು ತೆರೆದವು. ಬಂದ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅವರು ಬಂದ ಉದ್ದೇಶ ಮತಪ್ರಚಾರ. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ, ಒಪ್ಪಬೇಕಾದ ಕಾರಣವೂ ನಮಗಿಲ್ಲ. ಆದರೆ ಅವರು ನಮ್ಮ ನುಡಿಯನ್ನು ಕಲಿತ ಬಗೆಯನ್ನು ಮಾತ್ರ, ಇಂದು ಅವರ ನುಡಿಯನ್ನು ಕಲಿಯಹೊರಟ ನಮ್ಮ ಮಕ್ಕಳು ಅವಶ್ಯವಾಗಿ ತಿಳಿದುಕೊಳ್ಳಬೇಕು.

ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜು ಇದೆ. ಅದರ ಮುಂದೆ ದಿನವೂ ಹಾಯ್ದು ಹೋಗುವವರು ಆ ಹೆಸರಿನ ವ್ಯಕ್ತಿಯನ್ನು ಒಮ್ಮೆಯಾದರೂ ನೆನೆಯಬೇಕು. ಫರ್ಡಿನೆಂಡ್ ಕಿಟೆಲ್ ೧೮೩೨ರಲ್ಲಿ ಜರ್ಮನಿಯ ಉತ್ತರದ ಕಡಲತಡಿಯ ಸೀಮೆಯಲ್ಲಿ ಹುಟ್ಟಿದವರು. ೧೮೫೩ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕನ್ನಡ ನಾಡಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿದರು. ಜನರ ಬಾಯಿಂದ ಮಾತು ಕೇಳಿದರು, ಪಂಡಿತರ ಬಳಿ ಕಾವ್ಯ ಓದಿದರು, ಗಾದೆಗಳನ್ನು ಕೂಡಿಹಾಕಿದರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ೧೮೯೪ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಾಗ ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿದ್ದವು. ಕನ್ನಡ ನೆಲಕ್ಕೆ ಕಾಲಿಟ್ಟು ಆಗ ನಲವತ್ತು ವರುಷಗಳು ದಾಟಿದ್ದವು. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈತ ದೇಶವನ್ನು ಸುತ್ತಿ ಕೋಶವನ್ನೇ ಬರೆದುಕೊಟ್ಟರು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವಿಶ್ವವಿದ್ಯಾಲಯ ೧೮೫೮ರಲ್ಲಿಯೇ ಕನ್ನಡದ ಸೇವೆಗಾಗಿ ಹೆರ್ಮನ್ ಮೋಗ್ಲಿಂಗರಿಗೆ ಈ ಗೌರವವನ್ನಿತ್ತಿತ್ತು. ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಆರಂಭಿಸಿದವರೂ, ಮುಂದೆ ಬಸವಪುರಾಣವೇ ಮೊದಲಾದ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದವರೂ ಆ ಮೋಗ್ಲಿಂಗರೇ.

ಅತ್ತಣಿಂದ ಇತ್ತ ಬಂದವರ ಕಥೆ ಇದಾದರೆ, ಇತ್ತಣಿಂದ ಅತ್ತ ಹೋದವರೂ ಆ ಕಾಲದಲ್ಲಿಯೇ ಇದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಮನೆತನದವರು. ೧೮೪೪ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ೧೮೪೬ರಲ್ಲಿ ಸಮುದ್ರ ದಾಟಿ ಬಾಸೆಲ್ಲಿಗೆ ಹೋಗಿ, ೧೮೫೧ರವರೆಗೆ ಅಲ್ಲಿಯ ವಿದ್ಯಾಲಯದಲ್ಲಿ ಜರ್ಮನ್ ನುಡಿಯಲ್ಲಿ ವ್ಯಾಸಂಗ ಮಾಡಿ ಮರಳಿದರು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕಿಂತ ಎರಡು ದಶಕಗಳ ಹಿಂದಿನ ಪಯಣವದು. ಬಾಸೆಲ್ಲಿನ ಬೀದಿಯಲ್ಲಿ ಆಡುವ ಮಾತು ಒಂದು ಬಗೆ, ಪುಸ್ತಕದ ಜರ್ಮನ್ ಇನ್ನೊಂದು ಬಗೆ. ಇವೆರಡನ್ನೂ ಒಟ್ಟಿಗೆ ಎದುರಿಸಿದ ಮೊದಮೊದಲ ಕನ್ನಡ ನಾಡಿನ ವಿದ್ಯಾರ್ಥಿಗಳಲ್ಲಿ ಅವರು ಒಬ್ಬರು.

ಇಂದಿನವರಿಗೆ ಹಾದಿ ಸುಗಮವಾಗಿದೆ, ಕಟ್ಟಳೆಗಳು ಮಾತ್ರ ಹೆಚ್ಚಿವೆ. ೨೦೨೨ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾ ಕೇಳುವ ಮೊದಲು ತಮ್ಮ ಅಂಕಪಟ್ಟಿ, ಪದವಿಪತ್ರಗಳನ್ನು ಪರಿಶೀಲನೆಗೆ ಒಪ್ಪಿಸಿ ಎ.ಪಿ.ಎಸ್. ಎಂಬ ಪ್ರಮಾಣಪತ್ರವನ್ನು ಪಡೆಯಬೇಕಾಗಿ ಬಂದಿತು. ಒಂದು ವರುಷದ ಜೀವನವೆಚ್ಚವನ್ನು ಮುಂಗಡವಾಗಿ ಪ್ರತಿಬಂಧಿತ ಖಾತೆಯಲ್ಲಿ ಇಡಬೇಕು. ಆ ಮೊತ್ತ ೨೦೨೪ರ ಸೆಪ್ಟೆಂಬರಿನಲ್ಲಿ ೧೧,೯೦೪ ಯೂರೋ ಎಂದು ಗೊತ್ತಾಯಿತು. ಅದರಿಂದ ತಿಂಗಳಿಗೆ ೯೯೨ ಯೂರೋ ಮಾತ್ರ ಕೈಗೆ ಬರುತ್ತದೆ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕ ಸಾಮಾನ್ಯವಾಗಿ ಇಲ್ಲದಿದ್ದರೂ, ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು ೨೦೧೭ರಿಂದ ನಮ್ಮಂಥ ಹೊರನಾಡಿನವರಿಗೆ ಅವಧಿಯೊಂದಕ್ಕೆ ೧,೫೦೦ ಯೂರೋ ಶುಲ್ಕವನ್ನು ವಿಧಿಸಿತು. ಹತ್ತು ಲಕ್ಷ ರೂಪಾಯಿಗೆ ಮೀರಿದ ಈ ಮುಂಗಡಕ್ಕಾಗಿ ಹೊಲವನ್ನು ಅಡವಿಡುವ ತಂದೆ, ಒಡವೆಯನ್ನು ಬ್ಯಾಂಕಿಗೆ ಒಯ್ಯುವ ತಾಯಿ ನಮ್ಮ ಓದುಗರಲ್ಲಿಯೇ ಇರಬಹುದು. ಆದ್ದರಿಂದಲೇ ಈ ಮಾತನ್ನು ಹಗುರಾಗಿ ಆಡುವಂತಿಲ್ಲ.

ಇಷ್ಟೆಲ್ಲ ಹಣ, ಪತ್ರ ಹೊಂದಿಸುವಾಗ ಒಂದು ಸಾಮಗ್ರಿ ಮಾತ್ರ ಕಡೆಗಣನೆಗೆ ಒಳಗಾಗುತ್ತದೆ, ಅದು ಭಾಷೆ. ಸ್ನಾತಕೋತ್ತರ ಪಾಠಗಳು ಇಂಗ್ಲಿಷಿನಲ್ಲಿಯೇ ದೊರೆಯುವುದರಿಂದ, ಎ-೧ ಎಂಬ ಮೊದಲ ಮೆಟ್ಟಿಲನ್ನು ಮುಟ್ಟಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಎ-೧ರಿಂದ ಸಿ-೨ರವರೆಗೆ ಇರುವ ಆರು ಮೆಟ್ಟಿಲುಗಳಲ್ಲಿ ಅದು ಹೆಸರು ಹೇಳಿ, ರೊಟ್ಟಿ ಕೇಳಿ, ದಾರಿ ವಿಚಾರಿಸುವಷ್ಟರ ಮಾತು. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಬಾಡಿಗೆಯ ಕರಾರು, ವೈದ್ಯರ ಸೂಚನೆ, ಕಚೇರಿಯಿಂದ ಬರುವ ಲಕೋಟೆ, ನೆರೆಮನೆಯ ಅಜ್ಜಿಯ ಮಾತು, ಕೊನೆಗೆ ನೌಕರಿಯ ಸಂದರ್ಶನ ಜರ್ಮನಿನಲ್ಲಿ ಇರುತ್ತವೆ. ನುಡಿ ಬಾರದ ಹುಡುಗ ವರುಷಗಟ್ಟಲೆ ಆ ಊರಿನಲ್ಲಿದ್ದರೂ ನಮ್ಮವರದೇ ನಾಲ್ಕು ಕೋಣೆಗಳ ಆಚೆ ಕಾಲಿಡುವುದಿಲ್ಲ. ಸಂಜೆ ಫೋನಿನಲ್ಲಿ ತಾಯಿಯ ಮುಂದೆ ಚೆನ್ನಾಗಿದ್ದೇನೆ ಎಂದು ಹೇಳಿ ಸುಮ್ಮನಾಗುತ್ತಾನೆ. ಆ ಮೌನಕ್ಕೆ ಚಳಿಗಿಂತ ಹೆಚ್ಚಾಗಿ ಭಾಷೆಯ ಕೊರತೆಯೇ ಕಾರಣವಾಗಿರುತ್ತದೆ.

ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಹಳಗನ್ನಡಗಳ ವ್ಯಾಕರಣವನ್ನು ಓದಿದವರು. ಜರ್ಮನ್ ವ್ಯಾಕರಣವನ್ನು ತೆರೆದು ನೋಡಿದಾಗ ಅದು ಪೂರ್ತಿ ಅಪರಿಚಿತವೆನಿಸಲಿಲ್ಲ. ಆ ನುಡಿಯಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕಲಿಂಗ ಎಂದಾಗ ಮಕ್ಕಳು ನಗುತ್ತಾರೆ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ದಾರ ಶಬ್ದ ಪುಲ್ಲಿಂಗ, ಕಲತ್ರ ಶಬ್ದ ನಪುಂಸಕಲಿಂಗ ಎಂಬುದನ್ನು ಬಲ್ಲವರು ನಗಲಾರರು. ಇಪ್ಪತ್ತೊಂದನ್ನು ಒಂದೂ ಇಪ್ಪತ್ತೂ ಎಂದು ಹೇಳುವ ಕ್ರಮ ಏಕವಿಂಶತಿಯನ್ನು ನೆನಪಿಗೆ ತರುತ್ತದೆ. ಕೈಗವಸಿಗೆ ಅವರು ಕೈಯ ಪಾದರಕ್ಷೆ ಎಂಬರ್ಥದ ಸಮಾಸವನ್ನು ಕಟ್ಟಿದ್ದಾರೆ. ಅವರ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕನ್ನಡದಲ್ಲಿದ್ದಂತೆ ಕೊನೆಗೆ ಬಂದು ನಿಲ್ಲುತ್ತದೆ. ನೀನು, ನೀವು ಎಂಬ ಭೇದ ಇಂದಿನ ಇಂಗ್ಲಿಷಿನಲ್ಲಿಲ್ಲ, ಜರ್ಮನಿನಲ್ಲಿದೆ. ಹಿರಿಯರಿಗೂ ಅಪರಿಚಿತರಿಗೂ ಸೀ, ಆಪ್ತರಿಗೂ ಮಕ್ಕಳಿಗೂ ದೂ. ಮಾತುಮಾತಿಗೆ ‘ರೀ’ ಹಚ್ಚುವ ಧಾರವಾಡದ ಮಕ್ಕಳಿಗೆ ಈ ಮರ್ಯಾದೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಜರ್ಮನ್ ಅರ್ಧ ಬಾಗಿಲು ತೆರೆದುಕೊಂಡೇ ಇರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಮುಗಿಸಿ ಸ್ಟುಟ್‌ಗಾರ್ಟಿನಲ್ಲಿ ಇಳಿದವನಿಗೆ ಅಲ್ಲಿಯ ಶ್ವಾಬಿಯ ಆಡುನುಡಿ ಕಿವಿಗೆ ಹೊಂದುವುದಿಲ್ಲ. ಮೈಸೂರಿನ ಹುಡುಗನೊಬ್ಬ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತು ತಬ್ಬಿಬ್ಬಾದಂತೆಯೇ ಅದು. ಬೆದರಬೇಕಿಲ್ಲ. ಕಿಟೆಲ್ಲರು ಮಾಡಿದಂತೆ ಅಂಗಡಿಯವರ, ನೆರೆಯವರ, ಮುದುಕರ ಮಾತಿಗೆ ಕಿವಿಗೊಟ್ಟು ಕುಳಿತರೆ ನುಡಿ ತಾನಾಗಿ ಒಲಿಯುತ್ತದೆ. ಊಟದ ವಿಷಯದಲ್ಲಿಯೂ ಹಾಗೆಯೇ. ಸಂಜೆ ಒಲೆ ಹಚ್ಚದೆ ರೊಟ್ಟಿ, ಬೆಣ್ಣೆ, ಗಿಣ್ಣುಗಳಿಂದ ತೃಪ್ತರಾಗುವುದು ಅಲ್ಲಿಯ ಹಳೆಯ ರೂಢಿ. ಚಳಿಯನ್ನೂ ಬಡ ಮಣ್ಣನ್ನೂ ತಾಳಿಕೊಳ್ಳುವ ರೈ ಎಂಬ ಧಾನ್ಯದಿಂದ ಮಾಡಿದ ಅವರ ಕಪ್ಪು ರೊಟ್ಟಿಯನ್ನು, ಬಿಸಿಲು ತಾಳುವ ನಮ್ಮ ಜೋಳದ ರೊಟ್ಟಿಯ ದೂರದ ನಂಟ ಎಂದೇ ತಿಳಿಯಬಹುದು. ಶಾಕಾಹಾರಿಗಳಾದ ನಮ್ಮ ಮಕ್ಕಳು ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ಅದಕ್ಕೂ ಜರ್ಮನ್ ಬರಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿ ಹತ್ತರ ಅನಂತರ ಗದ್ದಲ ಸಲ್ಲದು. ಇವನ್ನು ಕಾನೂನಿನ ಭಯದಿಂದ ಪಾಲಿಸುವುದಕ್ಕಿಂತ, ನೆರೆಯವನ ವಿಶ್ರಾಂತಿಗೆ ತೋರುವ ಗೌರವವೆಂದು ಬಗೆದರೆ ಮನಸ್ಸಿಗೆ ಭಾರವೆನಿಸದು.

ನೌಕರಿಗೂ ದಿನದ ಬದುಕಿಗೂ ಭಾಷೆ ಬೇಕೆಂಬುದನ್ನು ಎಲ್ಲರೂ ಒಪ್ಪಿಯಾರು. ನಮ್ಮ ಮನಸ್ಸಿನಲ್ಲಿರುವುದು ಇದಕ್ಕಿಂತ ಆಳವಾದ ಇನ್ನೊಂದು ಪ್ರಯೋಜನ. ನಮ್ಮ ಸೀಮೆಯ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯ ಒಂದು ಪಾಲು ಜರ್ಮನ್ ನುಡಿಯಲ್ಲಿ ಉಳಿದಿದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಂದ ಆ ಪಾದ್ರಿಗಳು ಬರೆದ ಪತ್ರಗಳು, ವಾರ್ಷಿಕ ವರದಿಗಳು ಬಾಸೆಲ್ಲಿನ ಮಿಷನ್ ದಫ್ತರಖಾನೆಯಲ್ಲಿ ಇಂದಿಗೂ ಸುರಕ್ಷಿತವಾಗಿವೆ. ವ್ಯೂರ್ಥ್ ಎಂಬ ಪಾದ್ರಿ ೧೮೬೦ರ ದಶಕದಲ್ಲಿ ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರಿಂದ ಅವು ನಮ್ಮವರ ಕೈಗೂ ಸಿಕ್ಕವು. ಆದರೆ ಕಿಟೆಲ್ಲರೇ ೧೮೭೬ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಬರೆದ ಪುಸ್ತಕ ಜರ್ಮನಿನಲ್ಲಿದೆ. ನಮ್ಮ ಆರಾಧನೆಗೆ ಸಂಬಂಧಿಸಿದ ವಿಷಯದ ಮೇಲೆ, ನಮ್ಮ ನಿಘಂಟುಕಾರನೇ ಬರೆದ ಪುಸ್ತಕ. ಅದರ ನಿರ್ಣಯಗಳನ್ನು ಒಪ್ಪುವುದು, ಖಂಡಿಸುವುದು ಓದಿದ ಮೇಲಿನ ಮಾತು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಮೂಲದಲ್ಲಿ ಓದಬಲ್ಲರು?

ಆ ಪತ್ರಗಳನ್ನು ಓದಲು ಜರ್ಮನ್ ಬಂದರಷ್ಟೇ ಸಾಲದು. ಅವು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಅದರಲ್ಲಿ ‘ಎ’ ಅಕ್ಷರವೂ ‘ನ’ ಅಕ್ಷರವೂ ಒಂದೇ ಎಂಬಂತೆ ತೋರುತ್ತವೆ. ‘ಉ’ ಅಕ್ಷರವನ್ನು ಗುರುತಿಸಲು ಅದರ ತಲೆಯ ಮೇಲೊಂದು ಕೊಂಕು ಇಡುತ್ತಿದ್ದರು. ಇಂದಿನ ಜರ್ಮನ್ ತರುಣರಲ್ಲಿ ಹೆಚ್ಚಿನವರಿಗೆ ಅಜ್ಜಂದಿರ ಈ ಲಿಪಿ ಓದಲು ಬಾರದು. ಮರಾಠಿ ದಫ್ತರದ ಮೋಡಿ ಲಿಪಿಯನ್ನು ಬಲ್ಲವರು ನಮ್ಮಲ್ಲಿ ವಿರಳರಾದಂತೆಯೇ ಇದು. ಓಲೆಗರಿಗಳಲ್ಲಿ ವಿರಾಮಚಿಹ್ನೆಯಿಲ್ಲದ ಸಾಲುಗಳನ್ನು ಬಿಡಿಸುತ್ತ ಕಣ್ಣು ಸವೆಸಿದವರಿಗೆ ಇಂಥ ಕೆಲಸದ ಕಷ್ಟವೂ ಗೊತ್ತು, ಒಂದು ಪದ ಥಟ್ಟನೆ ಬಿಚ್ಚಿಕೊಂಡಾಗಿನ ಸುಖವೂ ಗೊತ್ತು. ಬರೆದವರ ದೃಷ್ಟಿ ಪರಕೀಯರದು, ಮತಪ್ರಚಾರಕರದು. ಆದುದರಿಂದ ಓದುವವನು ಎಚ್ಚರದಿಂದಲೇ ಓದಬೇಕು. ಆದರೂ ನಮ್ಮ ಓಣಿ, ಶಾಲೆ, ಸಂತೆ, ಮಳೆ, ಬರಗಳನ್ನು ಕಣ್ಣಾರೆ ಕಂಡು ಬರೆದ ಸಾಕ್ಷಿಗಳವು. ನಮ್ಮ ಮನೆಯ ಕಾಗದ ಬೇರೆಯವರ ಪೆಟ್ಟಿಗೆಯಲ್ಲಿದ್ದರೆ, ಅದನ್ನು ಓದುವ ಹೊಣೆ ಮನೆಯವರದೇ ಅಲ್ಲವೆ?

ಆದ್ದರಿಂದ ಮಕ್ಕಳನ್ನು ಕಳುಹಿಸುವ ತಾಯಿತಂದೆಯರಲ್ಲಿ ನಮ್ಮ ವಿನಂತಿ ಇಷ್ಟು. ಹಣ ಹೊಂದಿಸುವಷ್ಟೇ ಶ್ರದ್ಧೆಯಿಂದ ಒಂದು ವರುಷ ಮೊದಲೇ ಜರ್ಮನ್ ಪಾಠ ಆರಂಭಿಸಿರಿ. ಬಿ-೧ ಎಂಬ ಮೂರನೆಯ ಮೆಟ್ಟಿಲನ್ನಾದರೂ ಹತ್ತಿಸಿ ವಿಮಾನ ಹತ್ತಿಸಿರಿ. ಮಗುವಿಗೆ ಕನ್ನಡ ಲಿಪಿ ತಡವರಿಸದೆ ಓದಲು ಬರುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿರಿ. ನುಡಿಗಳಲ್ಲಿ ನಿಜವಾದ ಆಸಕ್ತಿಯುಳ್ಳ ಮಗನೋ ಮಗಳೋ ಇದ್ದರೆ, ಯಂತ್ರಶಾಸ್ತ್ರವನ್ನೇ ಓದಬೇಕೆಂಬ ಹಟವನ್ನು ತುಸು ಸಡಿಲಿಸಿರಿ. ಬೇರೆ ವಿದ್ಯೆ ಓದುವವರೂ ರಜೆಯ ದಿನಗಳಲ್ಲಿ ಟ್ಯೂಬಿಂಗೆನ್ನಿಗೆ ಒಮ್ಮೆ ಹೋಗಿಬರಲಿ. ಕಿಟೆಲ್ಲರು ಕೊನೆಯ ದಿನಗಳನ್ನು ಕಳೆದು, ೧೯೦೩ರಲ್ಲಿ ಕನ್ನಡದ ವ್ಯಾಕರಣವನ್ನು ಪ್ರಕಟಿಸಿ, ಅದೇ ವರುಷದ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ ಊರು ಅದು. ಅಲ್ಲಿಂದ ಬಾಸೆಲ್ ದೂರವೇನಲ್ಲ. ಆ ದಫ್ತರಖಾನೆಯ ಮೇಜಿನ ಮುಂದೆ ಕುಳಿತು, ಧಾರವಾಡ ಎಂಬ ಹೆಸರಿನಿಂದ ಆರಂಭವಾಗುವ ಒಂದು ಪತ್ರವನ್ನು ನಮ್ಮ ಮಗುವೊಂದು ತಾನಾಗಿ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆದು ಮನೆಗೆ ಕಳುಹಿಸಲಿ.