ನೈನ್ ಡಿಗ್ರಿ ಚಾನೆಲ್‌ನ ಆ ರಾತ್ರಿ

ಕಲ್ಪೇನಿಯಿಂದ ಮಿನಿಕಾಯ್ ಕಡೆಗೆ ನಮ್ಮ ಹಡಗು ಹೊರಟದ್ದು ಸಂಜೆ. ಈ ಎರಡು ದ್ವೀಪಗಳ ನಡುವೆ ಸುಮಾರು 200 ಕಿಲೋಮೀಟರ್ ಬರೀ ನೀರು. ನಕಾಶೆಯಲ್ಲಿ ಅದರ ಹೆಸರು ನೈನ್ ಡಿಗ್ರಿ ಚಾನೆಲ್. ಲಕ್ಷದ್ವೀಪದ ಉಳಿದ ದ್ವೀಪಗಳಿಂದ ಮಿನಿಕಾಯನ್ನು ಬೇರೆ ಮಾಡುವ ಆಳದ ಕಡಲು ಅದು. ಕೊಲ್ಲಿ ದೇಶಗಳಿಂದ ಪೂರ್ವಕ್ಕೆ ಹೋಗುವ ಎಣ್ಣೆ ಹಡಗುಗಳೂ ಸರಕು ಹಡಗುಗಳೂ ಹಾಯುವ ದಾರಿಯೂ ಅದೇ. ರಾತ್ರಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಹಡಗಿನ ಒಲೆತ ಬೇರೆಯಾಯಿತು. ಅಲ್ಲಿಯವರೆಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದದ್ದು ಈಗ ಪಕ್ಕಕ್ಕೂ ವಾಲತೊಡಗಿತು. ಮೇಜಿನ ಮೇಲಿದ್ದ ಸಾರಿನ ಬಟ್ಟಲು ತಾನಾಗಿ ನನ್ನ ಕಡೆಗೆ ಸರಿದು ಬಂತು. ಎದುರಿಗೆ ಕೂತಿದ್ದ ಮಗಳು ಚಮಚ ಕೆಳಗಿಟ್ಟು, ‘ಅಮ್ಮಾ, ನನಗೆ ಬೇಡ’ ಎಂದಳು. ಅವಳ ತುಟಿ ಬೆಳ್ಳಗಾಗಿತ್ತು.

ನಮ್ಮದು ಮಂಗಳೂರು. ಹಳೇ ಬಂದರಿನಲ್ಲಿ ತರಕಾರಿ, ಅಕ್ಕಿ, ಜಲ್ಲಿ ತುಂಬಿಕೊಂಡು ದ್ವೀಪಗಳಿಗೆ ಹೊರಡುವ ಮಂಜಿಗಳನ್ನು ನೋಡುತ್ತಲೇ ಬೆಳೆದವಳು ನಾನು. ಅಮಿನಿ, ಕಡಮತ್, ಕಿಲ್ತಾನ್‌ಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರ ಕೈಕೆಳಗೇ ಇದ್ದವು ಎಂದು ಅಪ್ಪ ಹೇಳುತ್ತಿದ್ದರು. ಒಮ್ಮೆಯಾದರೂ ಆ ಕಡೆ ಹೋಗಬೇಕೆಂಬ ಆಸೆ ಹಾಗೆ ಬಂದದ್ದು. ಪರ್ಮಿಟ್ ಆಯಿತು, ಟಿಕೆಟ್ ಆಯಿತು. ಡಿಸೆಂಬರ್ ರಜೆಯಲ್ಲಿ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ ಹಡಗು ಹತ್ತಿದೆವು. ಇವರು, ನಾನು, ಎಂಟು ವರ್ಷದ ಮಗಳು, ಮೂರು ತುಂಬಿದ ಮಗ. ರಾತ್ರಿಯೆಲ್ಲ ಪ್ರಯಾಣ, ಹಗಲೆಲ್ಲ ಒಂದೊಂದು ದ್ವೀಪ. ಮೊದಲೆರಡು ದ್ವೀಪಗಳು ಸುಖವಾಗಿಯೇ ಮುಗಿದಿದ್ದವು.

ಆ ರಾತ್ರಿ ಮೊದಲು ವಾಂತಿ ಮಾಡಿದ್ದು ಮಗಳು. ಆಮೇಲೆ ಚಿಕ್ಕವನು. ಮಂಗಳೂರಿನಲ್ಲೇ ಮಕ್ಕಳ ಡಾಕ್ಟರು ಬರೆದುಕೊಟ್ಟಿದ್ದ ಸಿರಪ್ ಕೊಟ್ಟೆ. ಅದೂ ಹೊರಗೆ ಬಂತು. ಇಂಥ ಔಷಧಿ ಹಡಗು ಅಲುಗಾಡುವ ಮೊದಲೇ ಹೊಟ್ಟೆ ಸೇರಬೇಕು, ವಾಂತಿ ಶುರುವಾದ ಮೇಲೆ ಒಳಗೆ ನಿಲ್ಲುವುದಿಲ್ಲ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಈ ತೊಂದರೆ ಹೆಚ್ಚು. ಕಿವಿಯೊಳಗಿನ ಸಮತೋಲದ ಅಂಗ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ. ಕ್ಯಾಬಿನ್ನಿನ ನಾಲ್ಕು ಗೋಡೆ ನೋಡುವ ಕಣ್ಣು ‘ಇಲ್ಲ, ಎಲ್ಲ ನಿಂತೇ ಇದೆ’ ಎನ್ನುತ್ತದೆ. ಆ ತಕರಾರಿನ ಫಲ ಹೊಟ್ಟೆಗೆ. ನಮ್ಮ ಕ್ಯಾಬಿನ್‌ನಲ್ಲಿ ಡೀಸೆಲ್ ವಾಸನೆ ಸಣ್ಣಗೆ ಇತ್ತು, ಏಸಿ ಕೊರೆಯುತ್ತಿತ್ತು, ಬಾತ್‌ರೂಮಿನ ಕಬ್ಬಿಣದ ಬಾಗಿಲು ಪ್ರತಿ ವಾಲಿಗೂ ಧಡ್ ಎಂದು ಬಡಿಯುತ್ತಿತ್ತು. ಮಗುವಿನ ಬೆರಳು ಸಿಕ್ಕಿಬಿದ್ದೀತೆಂದು ಟವೆಲ್ ಸುತ್ತಿ ಬಾಗಿಲಿಗೆ ಕಟ್ಟಿದೆ.

ಹನ್ನೊಂದರ ಸುಮಾರಿಗೆ ಇವರು ಮಲಗಿಬಿಟ್ಟರು. ತಲೆ ಎತ್ತಿದರೆ ವಾಂತಿ, ಕಣ್ಣು ಬಿಟ್ಟರೆ ವಾಂತಿ. ಸ್ವಲ್ಪ ಹೊತ್ತಿಗೆ ನನಗೂ ಶುರುವಾಯಿತು. ಮಕ್ಕಳನ್ನು ಕರೆದುಕೊಂಡು ಹಡಗಿನಲ್ಲಿ ಹೋಗುವವರಿಗೆ ಎಲ್ಲರೂ ಮಕ್ಕಳ ಬಗ್ಗೆಯೇ ಹೇಳುತ್ತಾರೆ: ತಿಂಡಿ ಇಟ್ಟುಕೊಳ್ಳಿ, ಬಟ್ಟೆ ಇಟ್ಟುಕೊಳ್ಳಿ, ರೇಲಿಂಗ್ ಹತ್ತಿರ ಬಿಡಬೇಡಿ. ನೋಡಿಕೊಳ್ಳುವವರೇ ಮಲಗಿದರೆ ಏನು ಗತಿ ಎಂದು ಯಾರೂ ಹೇಳುವುದಿಲ್ಲ. ಊರಿನಲ್ಲಾದರೆ ಪಕ್ಕದ ಮನೆಯವರನ್ನು ಕೂಗಬಹುದು, ಆಟೋ ಹಿಡಿದು ಆಸ್ಪತ್ರೆಗೆ ಹೋಗಬಹುದು. ಇಲ್ಲಿ ಇಳಿಯುವುದಕ್ಕೆ ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಬೆಳಗಾಗುವವರೆಗೆ ಅಲೆ ನಿಲ್ಲುವುದಿಲ್ಲ. ಚಿಕ್ಕವನು ಅಳುವುದನ್ನೂ ಬಿಟ್ಟು ಸುಮ್ಮನೆ ಜೋಲುಮೋರೆ ಹಾಕಿ ಮಲಗಿದಾಗ ನನ್ನ ಜೀವ ಬಾಯಿಗೆ ಬಂತು. ಡೈಪರ್ ಮುಟ್ಟಿ ನೋಡಿದೆ, ಒಣಗಿತ್ತು. ಸಂಜೆಯಿಂದ ಮೂತ್ರ ಮಾಡಿರಲಿಲ್ಲ.

ಹಡಗಿನಲ್ಲಿ ಡಾಕ್ಟರು ಇದ್ದರು. ಆದರೆ ಅವರ ರೂಮು ಎರಡು ಮಹಡಿ ಮೇಲೆ. ಕಡಿದಾದ ಮೆಟ್ಟಿಲು ಹತ್ತಬೇಕು, ಮೊಣಕಾಲೆತ್ತರದ ಹೊಸ್ತಿಲು ದಾಟಬೇಕು. ಮಗುವನ್ನು ಎತ್ತಿಕೊಂಡು ಕಾರಿಡಾರಿಗೆ ಬಂದೆ, ಗೋಡೆಯ ಹಿಡಿ ಹಿಡಿದು ಅಲ್ಲೇ ಕುಸಿದು ಕೂತೆ. ನಿಂತರೆ ಬೀಳುತ್ತೇನೆಂದು ಗೊತ್ತಾಯಿತು.

ಆಗ ಬಂದರು ಆ ಹೆಂಗಸು. ಅರವತ್ತರ ಆಸುಪಾಸು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಮಿನಿಕಾಯ್‌ನವರು, ಮೊಮ್ಮಗನನ್ನು ಕೊಚ್ಚಿಯ ಆಸ್ಪತ್ರೆಗೆ ತೋರಿಸಿ ವಾಪಸು ಹೋಗುತ್ತಿದ್ದರು. ಅವರದು ಕೆಳಗಿನ ಬಂಕ್ ಕ್ಲಾಸ್. ಅವರ ಮನೆಮಾತು ಮಹಲ್. ನನ್ನ ಜೊತೆ ಮಲಯಾಳದಲ್ಲಿ ಮಾತಾಡಿದರು. ಕಾಸರಗೋಡಿನ ನಂಟಿನಿಂದ ನನಗೂ ಅಷ್ಟಿಷ್ಟು ಬರುತ್ತದೆ. ‘ಒಳಗೆ ಕೂರಬೇಡ ಮೋಳೇ, ಮೇಲೆ ಗಾಳಿಗೆ ಬಾ’ ಎಂದು ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡರು. ಪರಿಚಯವಿಲ್ಲದವರ ಕೈಗೆ ಮಗನನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು. ಬೇಡ ಎನ್ನಲು ನನ್ನಲ್ಲಿ ಶಕ್ತಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆ ಮೆಟ್ಟಿಲನ್ನು ಅವರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಸರಳನ್ನೂ ಹಿಡಿದು, ಹಡಗು ವಾಲಿದಾಗ ನಿಂತು, ನೇರವಾದಾಗ ಹತ್ತಿದರು. ಮಗಳು ಅವರ ಹಿಂದೆ, ನಾನು ಕೊನೆಗೆ.

ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಸದ್ಯ ಡ್ರಿಪ್ ಬೇಡ, ಬಾಯಿಂದಲೇ ಪ್ರಯತ್ನಿಸೋಣ ಎಂದು ಓಆರ್‌ಎಸ್ ಕಲಸಿಕೊಟ್ಟರು. ಲೋಟದಲ್ಲಿ ಕುಡಿಸಬೇಡಿ, ಒಂದೆರಡು ನಿಮಿಷಕ್ಕೊಂದು ಚಮಚ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ಮೇಲಿನ ಡೆಕ್ಕಿನಲ್ಲಿ, ಗಾಳಿಗೆ ಮರೆಯಾದ ಬೆಂಚಿನ ಮೇಲೆ ಕೂತೆವು. ಚಮಚ ಹಿಡಿದವರು ಆಕೆ. ನಾನು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ದೂರದಲ್ಲಿ ಒಂದು ದೊಡ್ಡ ಹಡಗಿನ ದೀಪಗಳು ಕಂಡವು. ‘ಅದನ್ನೇ ನೋಡುತ್ತಿರು, ಕಣ್ಣು ಕೆಳಗೆ ಹಾಕಬೇಡ’ ಎಂದರು. ಹಾಗೆ ದೂರದ ನಿಂತ ಗೆರೆ ಸಿಕ್ಕಾಗ ನನ್ನ ತಲೆ ಮೊದಲ ಬಾರಿಗೆ ಸ್ವಲ್ಪ ಹಿಡಿತಕ್ಕೆ ಬಂತು. ಅವರ ಗಂಡ ಸರಕು ಹಡಗುಗಳಲ್ಲಿ ದುಡಿದವರಂತೆ. ಮಿನಿಕಾಯ್‌ನ ಗಂಡಸರು ತಲೆಮಾರುಗಳಿಂದ ನಾವಿಕರು. ಮನೆ, ಮಕ್ಕಳು, ಆಸ್ಪತ್ರೆ ಎಲ್ಲ ಹೆಂಗಸರದೇ. ನಾವು ಪ್ರವಾಸಕ್ಕೆಂದು ಹತ್ತಿದ್ದ ಹಡಗು ಅವರಿಗೆ ಬಸ್ಸು, ಆಂಬ್ಯುಲೆನ್ಸ್ ಎರಡೂ. ಬಸುರಿಯರು, ಬಾಣಂತಿಯರು, ಜ್ವರದ ಕೂಸುಗಳು ಇದೇ ನೀರನ್ನು ದಾಟುತ್ತಾರೆ. ಆ ರಾತ್ರಿ ನನಗೆ ನನ್ನ ಸಂಕಟಕ್ಕಿಂತ ಅದು ಹೆಚ್ಚು ಚುಚ್ಚಿತು, ಈಗಲೂ ಚುಚ್ಚುತ್ತದೆ.

ಮೂರು ಗಂಟೆಯ ಹೊತ್ತಿಗೆ ಡೈಪರ್ ಒದ್ದೆಯಾಯಿತು. ನಾನು ಅತ್ತುಬಿಟ್ಟೆ.

ಬೆಳಿಗ್ಗೆ ದ್ವೀಪ ಕಂಡಿತು. ಹಡಗು ಹೊರಗೇ ನಿಂತು ದೋಣಿಗೆ ಇಳಿಸುವುದಾಗಿ ಮೈಕಿನಲ್ಲಿ ಹೇಳಿದರು. ಕಲ್ಪೇನಿಯಲ್ಲಿ ಆಟದಂತಿದ್ದ ಆ ಇಳಿಯುವಿಕೆ ಈ ದಿನ ಹಾಗಿರಲಿಲ್ಲ. ಹಡಗಿನ ಪಕ್ಕೆಯ ಬಾಗಿಲಿಗೆ ದೋಣಿ ಒತ್ತಿಕೊಂಡು ನಿಲ್ಲುತ್ತದೆ. ಅಲೆ ಬಂದಾಗ ಬಾಗಿಲ ಮಟ್ಟಕ್ಕೆ ಏರುತ್ತದೆ, ಹೋದಾಗ ಆಳೆತ್ತರ ಕೆಳಗಿಳಿಯುತ್ತದೆ. ಏರಿದ ಆ ಒಂದು ಗಳಿಗೆಯಲ್ಲಿ ಮಗುವನ್ನು ಕೊಡಬೇಕು. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು. ಅವರು ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡಿ, ‘ಈಗ ಬೇಡ… ಈಗ ಬೇಡ… ಹಾಂ, ಈಗ’ ಎಂದು ಚಿಕ್ಕವನನ್ನು ಕೈಯಿಂದ ಕೈಗೆ ದಾಟಿಸಿದರು. ಮಗಳು ತಾನೇ ಇಳಿಯುತ್ತೇನೆಂದು ಹಟ ಹಿಡಿದಳು, ಇಬ್ಬರೂ ರಟ್ಟೆ ಹಿಡಿದು ಇಳಿಸಿದರು. ಇವರ ಮುಖದಲ್ಲಿ ಇನ್ನೂ ರಕ್ತವಿರಲಿಲ್ಲ.

1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ ನೋಡಲು ಉಳಿದವರೆಲ್ಲ ಹೋದರು. ನಾವು ಹೋಗಲಿಲ್ಲ. ತೆಂಗಿನ ನೆರಳಲ್ಲಿ ಚಾಪೆ ಹಾಸಿಕೊಂಡು ಮಧ್ಯಾಹ್ನದವರೆಗೆ ನಾಲ್ವರೂ ನಿದ್ದೆ ಮಾಡಿದೆವು. ಎದ್ದ ಮೇಲೆ ಚಿಕ್ಕವನು ಗಂಜಿ ತಿಂದ.

ಕೊಚ್ಚಿಗೆ ಹಿಂತಿರುಗುವ ರಾತ್ರಿಗೆ ಬೇರೆ ಏರ್ಪಾಡು ಮಾಡಿಕೊಂಡೆವು. ಹಡಗು ಹೊರಡುವ ಮುಕ್ಕಾಲು ಗಂಟೆ ಮೊದಲೇ ಡಾಕ್ಟರನ್ನು ಕೇಳಿ ನಾಲ್ವರೂ ಔಷಧಿ ತೆಗೆದುಕೊಂಡೆವು. ಊಟಕ್ಕೆ ಒಣ ಚಪಾತಿ, ಬಾಳೆಹಣ್ಣು ಮಾತ್ರ. ಪರ್ಸರ್ ಅವರನ್ನು ಬೇಡಿಕೊಂಡು ಹಡಗಿನ ನಟ್ಟನಡುವೆ, ಕೆಳಗಿನ ಮಹಡಿಯಲ್ಲಿ ಖಾಲಿಯಿದ್ದ ಕ್ಯಾಬಿನ್ ಪಡೆದೆವು. ಒಲೆತ ಅಲ್ಲಿ ಎಲ್ಲಕ್ಕಿಂತ ಕಡಿಮೆ. ನಡುರಾತ್ರಿಯವರೆಗೆ ಇವರು ಎಚ್ಚರ, ಆಮೇಲೆ ನಾನು ಎಂದು ಪಾಳಿ ಹಾಕಿಕೊಂಡೆವು. ಮಗಳಿಗೆ ಒಮ್ಮೆ ವಾಂತಿಯಾಯಿತು, ಚಿಕ್ಕವನಿಗೆ ಆಗಲಿಲ್ಲ. ಮಿನಿಕಾಯ್ ಜೆಟ್ಟಿಯಲ್ಲಿ ಆಕೆ ನನ್ನ ಕೈಗೆ ಒಣ ಮೀನಿನ ಪೊಟ್ಟಣ ಕೊಟ್ಟು, ಮೊಮ್ಮಗನನ್ನು ಮತ್ತೆ ತೋರಿಸಲು ಮುಂದಿನ ತಿಂಗಳೇ ಕೊಚ್ಚಿಗೆ ಹೋಗಬೇಕು, ಟಿಕೆಟ್ ಸಿಕ್ಕರೆ ಸಾಕು ಎಂದಿದ್ದರು.