ಹೊಗೆ ಕಂಡಲ್ಲಿ ಬೆಂಕಿ

1974ರಲ್ಲಿ ನಾವು ಮುಂಬಯಿಗೆ ಬಂದ ಹೊಸತು. ಮಾಟುಂಗದಲ್ಲಿ ಇಳಿಯಬೇಕಾದವರು ಕುರ್ಲಾದಲ್ಲಿ ಇಳಿದೆವು. ನಿಲ್ದಾಣದ ಫಲಕದಲ್ಲಿದ್ದ 'ಎಫ್' ವೇಗದ ಗಾಡಿಯ ಗುರುತೆಂಬುದು ತಿಳಿದಿರಲಿಲ್ಲ. ಅಕ್ಷರ ಓದಲು ಬರುತ್ತಿತ್ತು; ಗುರುತು ಓದಲು ಬರುತ್ತಿರಲಿಲ್ಲ.

ಆ ಪ್ರಸಂಗ ಮೊನ್ನೆ ನೆನಪಾಯಿತು. ನಮ್ಮ ಕಿರಿಯ ಮಗಳು ಪಿಎಚ್.ಡಿ.ಗೆಂದು ಬರೆದ ಸಂಶೋಧನೆಯ ಪ್ರಸ್ತಾವವನ್ನು ಮಾರ್ಗದರ್ಶಕರು ಹಿಂದಿರುಗಿಸಿದ್ದರು. 'ಮುಂಬಯಿ ಕನ್ನಡಿಗರ ಸಂಸ್ಕೃತಿ ಮತ್ತು ಅಸ್ಮಿತೆ' ಎಂದು ತಲೆಬರಹ. ಅಂಚಿನಲ್ಲಿ ಅವರು ಬರೆದುದು ಒಂದೇ ಮಾತು: "ಇದನ್ನು ಎಲ್ಲಿ ನೋಡುತ್ತೀರಿ?" ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬಿಟ್ಟೇಬಿಡುತ್ತೇನೆ ಎಂದಳು.

ಅವಳ ಮೇಜಿನ ಮೇಲಿದ್ದ, ಚಿಹ್ನೆಗಳ ಶಾಸ್ತ್ರವನ್ನು ಕುರಿತ ಪುಸ್ತಕವನ್ನು ತಿರುವಿದೆವು. ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಚಿಹ್ನೆಗಳಲ್ಲಿ ಮೂರು ಬಗೆ ಹೇಳಿದ್ದಾನೆ. ಚಿತ್ರ ವಸ್ತುವನ್ನು ಹೋಲುತ್ತದೆ. ಹೊಗೆ ಬೆಂಕಿಯಿಂದಲೇ ಹುಟ್ಟಿ ಬೆಂಕಿಯನ್ನು ತೋರಿಸುತ್ತದೆ. ಶಬ್ದಕ್ಕಾದರೋ ಹತ್ತು ಜನ ಒಪ್ಪಿದ್ದರಿಂದ ಮಾತ್ರ ಅರ್ಥ. ರೈಲಿನ 'ಎಫ್' ಈ ಕೊನೆಯ ಜಾತಿಯದು. ಬೆಟ್ಟದ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ನ್ಯಾಯಶಾಸ್ತ್ರಕ್ಕೂ ಹಳೆಯ ಪಾಠವೇ.

ಮಗಳ ಪ್ರಸ್ತಾವದಲ್ಲಿ ಶಬ್ದಗಳದೇ ದರ್ಬಾರು. ಹೊಗೆ ಎಲ್ಲಿಯೂ ಇರಲಿಲ್ಲ.

ಕಪಾಟಿನ ತಳದಿಂದ ಹಳೆಯ ನೋಟುಬುಕ್ಕೊಂದನ್ನು ತೆಗೆದುಕೊಟ್ಟೆವು. ಹಗಲು ಹೋಟೆಲಿನಲ್ಲಿ ಮಾಣಿಯಾಗಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಕಾಲದ್ದು. ಪುಟಗಳಲ್ಲಿ ಎಣ್ಣೆಗೈಯ ಕಲೆ. ಗಣಿತದ ನಡುವೆ ಊರಿಗೆ ಕಳಿಸಿದ ಮನಿಆರ್ಡರಿನ ಮೊತ್ತ. ಇಷ್ಟು ವರ್ಷ ಮಕ್ಕಳಿಗೆ ತೋರಿಸಿರಲಿಲ್ಲ. ಕಾರಣ ನಾಚಿಕೆ, ಬೇರೇನಲ್ಲ.

ಅವಳು ಬಹಳ ಹೊತ್ತು ಆ ಕಲೆಗಳನ್ನೇ ನೋಡಿದಳು. "ಅಪ್ಪಾ, ಇಂಥವು ಬೇರೆಯವರ ಮನೆಯಲ್ಲೂ ಇರಬಹುದಲ್ಲವೆ?" ಎಂದಳು. ಸಂಶೋಧನೆ ಹುಟ್ಟಿದ್ದು ಆ ಪ್ರಶ್ನೆಯಲ್ಲಿ.

ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದುದನ್ನು ಬಲ್ಲವರು ಬಹಳ ಮಂದಿ. ನಗರದ ಹೋಟೆಲುಗಳಲ್ಲಿ ತಟ್ಟೆ ತೊಳೆದು ರಾತ್ರಿ ಪಾಟಿ ಹಿಡಿದ ಹುಡುಗರನ್ನು ಬಲ್ಲವರು ಕಡಿಮೆ. ಹೊಸ ಪ್ರಸ್ತಾವದ ತಲೆಬರಹ ಈಗ 'ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು: ವಿದ್ಯಾರ್ಥಿಗಳ ನೋಟುಬುಕ್ಕುಗಳ ಅಧ್ಯಯನ'. ಸಂಸ್ಕೃತಿ ಎಂಬ ಶಬ್ದ ಅದರಲ್ಲಿಲ್ಲ, ಸಂಸ್ಕೃತಿ ಇದೆ. ಮಾರ್ಗದರ್ಶಕರು ಒಪ್ಪುವರೋ ಇಲ್ಲವೋ, ಹುಡುಗಿ ಊಟಕ್ಕೆ ಕುಳಿತಳು.

ಓದುಗರ ಟ್ರಂಕಿನಲ್ಲಿ ಅಂಥ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕದಿರಿ. ಮಕ್ಕಳ ಕೈಗೆ ಕೊಡಿ. ಓದುವುದು ಹೇಗೆಂದು ಅವರು ಕಲಿತುಕೊಳ್ಳುತ್ತಾರೆ.